ಎದುರಾಳಿ ಗೆಲ್ತಾರೆ ಅಂತ ಬರೆದುಕೊಟ್ಟೆ

ಕ್ರೀಡಾಭಿಮಾನಿಗಳಲ್ಲಿ ಎರಡು ಥರದವರು. ಸೀಸನ್ ಶುರುವಾಗೋ ಮೊದಲೇ ‘ಈ ಸಲ ಕಪ್ ನಮ್ದೇ’ ಅಂತ ಸ್ಟೇಟಸ್ ಹಾಕೋರು ಒಂದು ಥರ. ಕೊನೇ ಓವರ್‌ನಲ್ಲಿ ಎರಡೇ ರನ್ ಬೇಕಿದ್ದರೂ ‘ಸುಮ್ನಿರಿ, ಬಾಯಿ ಬಿಡಬೇಡಿ, ದೃಷ್ಟಿ ತಾಗುತ್ತೆ’ ಅನ್ನೋರು ಇನ್ನೊಂದು ಥರ. ನಾನು ಎರಡನೇ ಗುಂಪಿಗೆ ಸೇರಿದವಳು. ಪಂದ್ಯದ ಭವಿಷ್ಯ ಹೇಳು ಅಂತ ಯಾರಾದರೂ ಕೇಳಿದರೆ ‘ನೋಡೋಣ’ ಅಂತ ಜಾರಿಕೊಳ್ಳೋದು ನನ್ನ ಹಳೇ ಅಭ್ಯಾಸ. ಕನ್ನಡದಲ್ಲಿ ಇಷ್ಟು ಅನುಕೂಲದ ಪದ ಮತ್ತೊಂದಿಲ್ಲ. ಹೌದು ಅಂತಾನೂ ಅಲ್ಲ, ಇಲ್ಲ ಅಂತಾನೂ ಅಲ್ಲ. ಸಾಲ ಕೇಳಿದೋರಿಗೂ ಹೇಳಬಹುದು, ಗಂಡು ನೋಡಲು ಬಂದವರಿಗೂ ಹೇಳಬಹುದು.

ಹೀಗಿದ್ದ ನಾನು ಜೀವನದಲ್ಲಿ ಒಂದೇ ಒಂದು ಸಲ ಸಹಿ ಹಾಕಿ ಭವಿಷ್ಯ ಬರೆದುಕೊಟ್ಟಿದ್ದೇನೆ. ಅದೂ ನಾನು ಕಂಡರಾಗದ ತಂಡದ ಪರವಾಗಿ. 2021ರ ಜೂನ್ ಮೊದಲ ವಾರ, ಐಸ್ ಹಾಕಿ ಪ್ಲೇಆಫ್‌ನ ನಡುವೆ. ಆಟದ ಪರಿಚಯ ಇಲ್ಲದವರು ಹೆದರಬೇಡಿ, ಬೇಕಾದಷ್ಟನ್ನು ಹೇಳಿಕೊಂಡೇ ಹೋಗ್ತೀನಿ.

ನೀಲಿ ಜೆರ್ಸಿಯ ಶಾಪ

ಕೆಲಸದ ಮೇಲೆ ಮೈಸೂರಿನಿಂದ ಟೊರೊಂಟೊ ಪಕ್ಕದ ಮಿಸಿಸಾಗಾಕ್ಕೆ ಬಂದಾಗ ನನಗೆ ಐಸ್ ಅಂದರೆ ಫ್ರೀಜರ್‌ನಲ್ಲಿ ಇರೋದು, ಹಾಕಿ ಅಂದರೆ ಹಸಿರು ಟರ್ಫ್ ಮೇಲೆ ಆಡೋದು. ಮೊದಲ ಚಳಿಗಾಲದಲ್ಲಿ ಸಂಜೆ ಐದಕ್ಕೇ ಕತ್ತಲು. ಬೇಸ್‌ಮೆಂಟ್ ಮನೆ, ಒಬ್ಬಳೇ. ಮೇಲಿನ ಮನೆಯ ಮಾಲೀಕರು ಶನಿವಾರ ರಾತ್ರಿ ಟೀವಿ ನೋಡಲು ಕರೆಯೋರು. ಅಲ್ಲಿ ಶುರುವಾಯ್ತು ಈ ಹುಚ್ಚು. ಆ ವರ್ಷ ಕ್ರಿಸ್‌ಮಸ್‌ಗೆ ಅವರೇ ಒಂದು ನೀಲಿ ಜೆರ್ಸಿ ಉಡುಗೊರೆ ಕೊಟ್ಟರು. ಟೊರೊಂಟೊ ಮೇಪಲ್ ಲೀಫ್ಸ್. ಕೊಡುವಾಗ ‘ಸಾರಿ’ ಅಂದಿದ್ದರು. ಯಾಕೆ ಅಂತ ಆಗ ಅರ್ಥವಾಗಲಿಲ್ಲ.

ಲೀಫ್ಸ್ ಕೊನೇ ಸಲ ಸ್ಟ್ಯಾನ್ಲಿ ಕಪ್ ಗೆದ್ದದ್ದು 1967ರಲ್ಲಿ. ಆಗ ನಮ್ಮ ರಾಜ್ಯದ ಹೆಸರೇ ಇನ್ನೂ ಕರ್ನಾಟಕ ಆಗಿರಲಿಲ್ಲ. 2013ರಲ್ಲಿ ಬೋಸ್ಟನ್ ವಿರುದ್ಧ ನಿರ್ಣಾಯಕ ಏಳನೇ ಪಂದ್ಯದ ಕೊನೇ ಭಾಗದಲ್ಲಿ 4-1ರಿಂದ ಮುಂದಿದ್ದು 5-4ರಿಂದ ಸೋತವರು ಇವರು. ಆರ್‌ಸಿಬಿಯನ್ನು ಹದಿನೇಳು ಸೀಸನ್ ಎದೆಗಪ್ಪಿಕೊಂಡು ಕಾದವರಿಗೆ ಈ ನೋವನ್ನು ಬಿಡಿಸಿ ಹೇಳಬೇಕಿಲ್ಲ. ಆ ಹದಿನೇಳನ್ನು ಮೂರರಿಂದ ಗುಣಿಸಿಕೊಳ್ಳಿ, ಅಷ್ಟೇ.

ಇನ್ನು ಮಾಂಟ್ರಿಯಲ್ ಕೆನೇಡಿಯನ್ಸ್. 24 ಕಪ್ ಗೆದ್ದಿರುವ, ಲೀಗ್‌ನಲ್ಲೇ ಅತಿ ಹೆಚ್ಚು ಕಪ್ ಇರುವ ತಂಡ. ಇಂಗ್ಲಿಷ್ ಮಾತಾಡುವ ಟೊರೊಂಟೊ, ಫ್ರೆಂಚ್ ಮಾತಾಡುವ ಮಾಂಟ್ರಿಯಲ್: ಈ ಎರಡು ಊರುಗಳ ಜಗಳ ಹಾಕಿಗಿಂತ ಹಳೆಯದು. ಲೀಫ್ಸ್ ಅಭಿಮಾನಿಯಾದವರು ಮಾಂಟ್ರಿಯಲ್‌ನ ಕೆಂಪು ಜೆರ್ಸಿ ಕಂಡರೆ ಮುಖ ಸಿಂಡರಿಸಲೇಬೇಕು. ನಾನೂ ಕಲಿತುಕೊಂಡೆ. ಚೆನ್ನೈ ಹಳದಿ ಕಂಡರೆ ಸಿಂಡರಿಸಿ ಅಭ್ಯಾಸ ಇತ್ತಲ್ಲ, ಕಷ್ಟವಾಗಲಿಲ್ಲ.

ಹದಿನಾರು ಗೆಲುವಿನ ಬೆಟ್ಟ

ಪ್ಲೇಆಫ್ ಲೆಕ್ಕ ಸುಲಭ. ಹದಿನಾರು ತಂಡ, ನಾಲ್ಕು ಸುತ್ತು. ಪ್ರತಿ ಸುತ್ತಿನಲ್ಲೂ ಒಂದೇ ಎದುರಾಳಿ ಜೊತೆ ಏಳು ಪಂದ್ಯಗಳ ಸರಣಿ, ಮೊದಲು ನಾಲ್ಕು ಗೆದ್ದವರು ಮುಂದಕ್ಕೆ. ಅಂದರೆ ಕಪ್ ಬೇಕಾದರೆ 16 ಗೆಲುವು. ಸಮವಾದರೆ ಪೆನಾಲ್ಟಿ ಶೂಟೌಟ್ ಗೀಟೌಟ್ ಇಲ್ಲ. ಇಪ್ಪತ್ತು ಇಪ್ಪತ್ತು ನಿಮಿಷದ ಓವರ್‌ಟೈಮ್, ಒಂದು ಗೋಲು ಬೀಳುವವರೆಗೆ. ಬಿದ್ದ ತಕ್ಷಣ ಪಂದ್ಯ ಮುಗೀತು. ಮಧ್ಯರಾತ್ರಿ ದಾಟಿದರೂ ಆಡುತ್ತಲೇ ಇರುತ್ತಾರೆ.

ಈ ಆಟದಲ್ಲಿ ದುರ್ಬಲ ತಂಡಗಳಿಗೆ ಯಾವಾಗಲೂ ಒಂದು ಸಣ್ಣ ಕಿಟಕಿ ತೆರೆದೇ ಇರುತ್ತೆ. ಕಾರಣ, ಗೋಲುಗಳು ಕಡಿಮೆ. ಒಂದು ತಂಡಕ್ಕೆ ಪಂದ್ಯಕ್ಕೆ ಸುಮಾರು ಮೂರು. ಬ್ಯಾಸ್ಕೆಟ್‌ಬಾಲ್‌ನಂತೆ ನೂರಾರು ಪಾಯಿಂಟ್ ಇದ್ದರೆ ಬಲಶಾಲಿ ತಂಡ ಒಂದು ತಪ್ಪನ್ನು ಹತ್ತು ಸಲ ಸರಿಪಡಿಸಿಕೊಳ್ಳಬಹುದು. ಇಲ್ಲಿ ಹಾಗಿಲ್ಲ. ಒಂದು ಇಂಚು ದಪ್ಪದ ರಬ್ಬರ್ ಪಕ್ ಯಾರದೋ ಸ್ಕೇಟ್‌ಗೆ ತಾಗಿ ದಿಕ್ಕು ಬದಲಿಸಿದರೆ ಒಂದು ವರ್ಷದ ದುಡಿಮೆ ಹೋಯ್ತು.

ಜೊತೆಗೆ ಗೋಲ್‌ಕೀಪರ್. ಎದುರಾಳಿ 30 ಸಲ ಹೊಡೆದಾಗ ನೂರಕ್ಕೆ 90 ತಡೆಯುವ ಕೀಪರ್ ಮೂರು ಗೋಲು ಬಿಡ್ತಾನೆ. ನೂರಕ್ಕೆ 93 ತಡೆಯುವವನು ಎರಡು. ಆ ಒಂದೇ ಗೋಲಿನಲ್ಲಿ ಇಡೀ ಸರಣಿ ತಿರುಗಬಹುದು.

ಉದಾಹರಣೆಗಳು ಬೇಕಾದಷ್ಟಿವೆ. 2012ರಲ್ಲಿ ತನ್ನ ವಿಭಾಗದ ಎಂಟನೇ ಅಂದರೆ ಕೊನೇ ಸ್ಥಾನದಿಂದ ಬಂದ ಲಾಸ್ ಏಂಜಲಿಸ್ ಕಪ್ಪೇ ಗೆದ್ದಿತು. 2019ರ ಜನವರಿ ಆರಂಭದಲ್ಲಿ ಇಡೀ ಲೀಗ್‌ನಲ್ಲಿ ಕಟ್ಟಕಡೆಗಿದ್ದ ಸೇಂಟ್ ಲೂಯಿಸ್, ಜೂನ್‌ನಲ್ಲಿ ಕಪ್ ಎತ್ತಿತ್ತು. ಅದೇ ವರ್ಷ ಲೀಗ್‌ನಲ್ಲಿ 62 ಪಂದ್ಯ ಗೆದ್ದಿದ್ದ ಟ್ಯಾಂಪಾ ಬೇ, ಮೊದಲ ಸುತ್ತಿನಲ್ಲೇ ಕೊಲಂಬಸ್ ಎದುರು ನಾಲ್ಕಕ್ಕೆ ನಾಲ್ಕೂ ಸೋತು ಮನೆಗೆ ಹೋಯಿತು. 2024ರಲ್ಲಿ ಎಂಟು ಪಂದ್ಯಗಳಲ್ಲಿ ಒಂದೇ ಗೆದ್ದಿದ್ದ ಆರ್‌ಸಿಬಿ, ಸತತ ಆರು ಗೆದ್ದು ಪ್ಲೇಆಫ್‌ಗೆ ನುಗ್ಗಿದ್ದು ನೆನಪಿದೆಯಲ್ಲ? ಆ ಥರದ್ದು ಐಸ್ ಹಾಕಿಯಲ್ಲಿ ಆಗಾಗ ಆಗುತ್ತಲೇ ಇರುತ್ತೆ.

ಆದರೆ ‘ಆಗಬಹುದು’ ಅನ್ನೋದು ಬೇರೆ, ‘ಈ ಸಲ, ಈ ತಂಡಕ್ಕೆ ಆಗುತ್ತೆ’ ಅಂತ ಹೇಳೋದು ಬೇರೆ.

ಆ ಮೇ ತಿಂಗಳು

2021ರಲ್ಲಿ ಕೋವಿಡ್‌ನಿಂದ ಅಮೆರಿಕ–ಕೆನಡಾ ಗಡಿ ಮುಚ್ಚಿತ್ತು. ಹಾಗಾಗಿ ಕೆನಡಾದ ಏಳೂ ತಂಡಗಳನ್ನು ಒಂದೇ ವಿಭಾಗಕ್ಕೆ ಹಾಕಿ, 56 ಪಂದ್ಯಗಳ ಮೊಟಕು ಸೀಸನ್ ಆಡಿಸಿದರು. ಲೀಫ್ಸ್ 77 ಅಂಕದೊಂದಿಗೆ ಮೊದಲ ಸ್ಥಾನ. ನಮ್ಮ ಆಸ್ಟನ್ ಮ್ಯಾಥ್ಯೂಸ್ 41 ಗೋಲು ಹೊಡೆದು ಇಡೀ ಲೀಗ್‌ಗೇ ಮೊದಲಿಗ. ಮಾಂಟ್ರಿಯಲ್ 59 ಅಂಕ, ನಾಲ್ಕನೇ ಸ್ಥಾನ. ಪ್ಲೇಆಫ್‌ಗೆ ಬಂದ ಹದಿನಾರರಲ್ಲಿ ಅತಿ ಕಡಿಮೆ ಅಂಕ ಅವರದೇ. ಫೆಬ್ರುವರಿಯಲ್ಲಿ ಕೋಚ್‌ನ ಕೆಲಸ ಹೋಗಿ ಹಂಗಾಮಿ ಕೋಚ್ ಬಂದಿದ್ದರು. ಲೀಗ್ ಮುಗಿಯೋ ಹೊತ್ತಿಗೆ ಸೋಲಿನ ಮೇಲೆ ಸೋಲು. ಇಂಥವರ ಜೊತೆ ನಮಗೆ ಮೊದಲ ಸುತ್ತು. 1979ರ ನಂತರ ಈ ಎರಡು ತಂಡ ಪ್ಲೇಆಫ್‌ನಲ್ಲಿ ಎದುರಾದದ್ದು ಅದೇ ಮೊದಲು. ನಮ್ಮ ಆಫೀಸ್ ಗ್ರೂಪ್‌ನಲ್ಲಿ ಆಗಲೇ ಮೆರವಣಿಗೆಯ ದಾರಿ ಚರ್ಚೆಯಾಗುತ್ತಿತ್ತು.

ನನ್ನ ತಲೆ ಮಾತ್ರ ಅಲ್ಲಿರಲಿಲ್ಲ. ಮೇ 5ರಂದು ಕರ್ನಾಟಕದಲ್ಲಿ ಒಂದೇ ದಿನ 50 ಸಾವಿರಕ್ಕೂ ಹೆಚ್ಚು ಕೇಸು ಬಂದಿದ್ದವು. ಮೂರನೇ ವಾರದಲ್ಲಿ ಅಪ್ಪನಿಗೂ ಬಂತು. ಆಕ್ಸಿಜನ್ ಮಟ್ಟ 88ಕ್ಕೆ ಇಳಿದ ದಿನ, ತಮ್ಮ ಮೈಸೂರೆಲ್ಲ ಫೋನ್ ಮಾಡಿ ಕೊನೆಗೆ ಒಂದು ಬೆಡ್ ಹಿಡಿದ. ಅಮ್ಮ ಮನೆಯಲ್ಲೇ ಐಸೊಲೇಶನ್. ಏಪ್ರಿಲ್ 22ರಿಂದ ಭಾರತದಿಂದ ಕೆನಡಾಕ್ಕೆ ನೇರ ವಿಮಾನ ಬಂದ್. ಹೋಗಬಹುದಿತ್ತು, ವಾಪಸ್ ಬರೋದು ಹೇಗೆ, ಯಾವಾಗ ಅನ್ನೋದು ತಿಳಿಯದು. ‘ನೀನು ಬಂದು ಮಾಡೋದೇನು, ವಾರ್ಡ್ ಒಳಗೆ ಯಾರನ್ನೂ ಬಿಡಲ್ಲ’ ಅಂದ ತಮ್ಮ. ಅವನು ಹೇಳಿದ್ದು ಸರಿಯೇ ಇತ್ತು. ಸರಿಯಾದ ಮಾತು ಸಮಾಧಾನ ಕೊಡಬೇಕು ಅಂತೇನಿಲ್ಲವಲ್ಲ.

ನಮಗೂ ಮೈಸೂರಿಗೂ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ವ್ಯತ್ಯಾಸ. ನಮ್ಮಲ್ಲಿ ರಾತ್ರಿ ಎಂಟೂವರೆ ಅಂದರೆ ಅಲ್ಲಿ ಬೆಳಿಗ್ಗೆ ಆರು. ಆ ಹೊತ್ತಿಗೆ ವಾರ್ಡ್‌ನ ನರ್ಸ್ ಆಕ್ಸಿಜನ್ ನೋಡಿ ತಮ್ಮನಿಗೆ ಹೇಳೋರು, ಅವನು ನನಗೆ ಬರೀ ಒಂದು ಸಂಖ್ಯೆ ಕಳಿಸೋನು. 91. 90. 92. ನಮ್ಮಲ್ಲಿ ಸರಿಯಾಗಿ ಪಂದ್ಯದ ನಡುವಿನ ಹೊತ್ತದು. ಟೀವಿಯಲ್ಲಿ ಒಂದು ಸ್ಕೋರು, ಮೊಬೈಲ್‌ನಲ್ಲಿ ಇನ್ನೊಂದು. ಪಂದ್ಯ ಯಾಕೆ ಹಾಕಿಕೊಂಡು ಕೂರುತ್ತಿದ್ದೆ ಅಂದರೆ, ಆ ಸಂಖ್ಯೆ ಬರೋವರೆಗೆ ಎರಡು ಗಂಟೆ ಕಳೆಯಬೇಕಿತ್ತು. ಗೋಡೆ ನೋಡಿಕೊಂಡು ಕಳೆಯೋಕಾಗಲ್ಲ.

ಸರಣಿಯ ಮೊದಲ ಪಂದ್ಯ ಮಾಂಟ್ರಿಯಲ್ ಗೆದ್ದಿತು. ಆ ದಿನ ನಮ್ಮ ನಾಯಕ ಜಾನ್ ಟವಾರೆಸ್ ಕೆಳಗೆ ಬಿದ್ದಾಗ ಎದುರಾಳಿಯ ಮಂಡಿ ಆಕಸ್ಮಿಕವಾಗಿ ತಲೆಗೆ ತಾಗಿ, ಸ್ಟ್ರೆಚರ್ ಮೇಲೆ ಹೊರಗೆ ಹೋದರು. ನಂತರದ ಮೂರೂ ಲೀಫ್ಸ್ ಗೆದ್ದಿತು. 3-1. ಇನ್ನೊಂದೇ ಗೆಲುವು.

ಐದನೇ ಪಂದ್ಯ: ಓವರ್‌ಟೈಮ್ ಶುರುವಾಗಿ 59 ಸೆಕೆಂಡಿಗೆ ಮಾಂಟ್ರಿಯಲ್ ಗೋಲು. ಆರನೇ ಪಂದ್ಯ: ಮಾಂಟ್ರಿಯಲ್‌ನಲ್ಲಿ 2,500 ಪ್ರೇಕ್ಷಕರು. ಆ ಸೀಸನ್‌ನಲ್ಲಿ ಕೆನಡಾದ ಅಂಗಳಕ್ಕೆ ಪ್ರೇಕ್ಷಕರು ಕಾಲಿಟ್ಟದ್ದು ಅದೇ ಮೊದಲು. ಮತ್ತೆ ಓವರ್‌ಟೈಮ್, ಲೀಫ್ಸ್ ಮೇಲಿಂದ ಮೇಲೆ ಹೊಡೀತಾನೇ ಇತ್ತು, ಗೋಲ್‌ಕೀಪರ್ ಕ್ಯಾರಿ ಪ್ರೈಸ್ ಬಿಡಲೇ ಇಲ್ಲ. ಕೊನೆಗೆ ಆ ಕಡೆ ಒಂದು ಗೋಲು. ಮೇ 31ರಂದು ಏಳನೇ ಪಂದ್ಯ ಟೊರೊಂಟೊದಲ್ಲಿ. ಲಸಿಕೆ ಪಡೆದ 550 ಆರೋಗ್ಯ ಕಾರ್ಯಕರ್ತರನ್ನು ಅತಿಥಿಗಳಾಗಿ ಕೂರಿಸಿದ್ದರು. ಅವರ ಮುಂದೆಯೇ 3-1ರಿಂದ ಸೋತೆವು. 41 ಗೋಲಿನ ಮ್ಯಾಥ್ಯೂಸ್‌ಗೆ ಏಳು ಪಂದ್ಯದಲ್ಲಿ ಸಿಕ್ಕಿದ್ದು ಒಂದೇ ಗೋಲು. ಮಿಚ್ ಮಾರ್ನರ್‌ಗೆ ಒಂದೂ ಇಲ್ಲ.

ಮೊಬೈಲ್‌ನಲ್ಲಿ ಆ ರಾತ್ರಿಯ ಸಂಖ್ಯೆ 93. ಜೊತೆಗೊಂದು ಸಾಲು: ‘ಮಾಸ್ಕ್ ತೆಗೆದ್ರೆ ಅರ್ಧ ಗಂಟೇಲಿ 87. ಡಾಕ್ಟರ್ ನೋಡೋಣ ಅಂದ್ರು.’

ನೂರಕ್ಕೆ ಹದಿನೈದು

ಮರುದಿನ ಆಫೀಸ್‌ನ ಗ್ರೂಪ್ ಸ್ಮಶಾನ ಮೌನ. ಆಮೇಲೆ ಒಬ್ಬ ಸಹೋದ್ಯೋಗಿ ಎರಡನೇ ಸುತ್ತಿನ ಹಾಳೆ ಹಾಕಿದ. ತಲೆಗೆ ಹತ್ತು ಡಾಲರ್, ಅದು ಊರಿನ ಫುಡ್ ಬ್ಯಾಂಕ್‌ಗೆ. ಪ್ರತಿಯೊಬ್ಬರೂ ಕಪ್ ಯಾರಿಗೆ, ಫೈನಲ್ ಯಾರ್‍ಯಾರಿಗೆ ಅಂತ ಬರೆದು, ಕೆಳಗೆ ಒಂದೆರಡು ಸಾಲು ಕಾರಣ ಕೊಡಬೇಕು. ಮಾಂಟ್ರಿಯಲ್‌ಗೆ ಮುಂದಿನ ಎದುರಾಳಿ ವಿನ್ನಿಪೆಗ್. ಅವರು ಕಾನರ್ ಮೆಕ್‌ಡೇವಿಡ್‌ನ ಎಡ್ಮಂಟನ್ ತಂಡವನ್ನೇ 4-0 ಸರಣಿಯಲ್ಲಿ ಮುಗಿಸಿ ಬಂದಿದ್ದರು. ಎಲ್ಲರೂ ವಿನ್ನಿಪೆಗ್ ಅಂತಲೇ ಬರೆದರು. ನಾನು ಯಥಾಪ್ರಕಾರ ‘ನೋಡೋಣ’ ಅಂದೆ. ‘ಅಂಥ ಕಾಲಂ ಇಲ್ಲಿಲ್ಲ’ ಅಂದ ಆತ.

ಮನಸ್ಸಿಲ್ಲದ ಮನಸ್ಸಿನಿಂದ ಕೂತು ಯೋಚಿಸಿದೆ. ಏಳು ಪಂದ್ಯ ನೋಡಿದ್ದೆನಲ್ಲ. ನಮ್ಮ ಹುಡುಗರು ಕೆಟ್ಟದಾಗಿ ಆಡಿ ಸೋತರು ಅಂತ ಊರೆಲ್ಲ ಬೈಯ್ಯುತ್ತಿತ್ತು. ನಾನು ಕಂಡದ್ದು ಬೇರೆ. ಫಿಲಿಪ್ ಡನೋ ಅನ್ನೋ ಆಟಗಾರನ ಸಾಲು ಮ್ಯಾಥ್ಯೂಸ್‌ನ ಬೆನ್ನು ಬಿಟ್ಟಿರಲಿಲ್ಲ. ಶಿಯಾ ವೆಬರ್ ಮುಂತಾದ ನಾಲ್ಕು ದೈತ್ಯ ಡಿಫೆಂಡರ್‌ಗಳು ಗೋಲಿನ ಮುಂದಿನ ಜಾಗವನ್ನು ಸ್ವಂತ ಸೈಟ್ ಥರ ಕಾಯುತ್ತಿದ್ದರು. ನಿಕ್ ಸುಝುಕಿ, ಕೋಲ್ ಕಾಫೀಲ್ಡ್ ಅಂಥ ಚಿಗುರು ಮೀಸೆಯ ಹುಡುಗರಿಗೆ ಓವರ್‌ಟೈಮ್ ಅಂದರೆ ಭಯವೇ ಇರಲಿಲ್ಲ. ಹಿಂದೆ ಪ್ರೈಸ್. 2015ರಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರ. ಬ್ರಿಟಿಷ್ ಕೊಲಂಬಿಯಾದ ಕುಗ್ರಾಮದಲ್ಲಿ ಬೆಳೆದವನು. ನೂರಾರು ಕಿಲೋಮೀಟರ್ ದೂರದ ಅಭ್ಯಾಸಕ್ಕೆ ಮಗನನ್ನು ಕರೆದೊಯ್ಯಲು ಅವನಪ್ಪ ಒಂದು ಪುಟ್ಟ ವಿಮಾನವನ್ನೇ ಕೊಂಡಿದ್ದರು. ಏಪ್ರಿಲ್‌ನಲ್ಲಿ ತಲೆಗೆ ಪೆಟ್ಟಾಗಿ ವಾರಗಟ್ಟಲೆ ಹೊರಗಿದ್ದು, ಪ್ಲೇಆಫ್ ಹೊತ್ತಿಗೆ ಮರಳಿದ್ದ.

ಲೆಕ್ಕವನ್ನೂ ಹಾಕಿದೆ. ಒಂದು ತಂಡಕ್ಕೆ ಪ್ರತಿ ಪಂದ್ಯ ಗೆಲ್ಲುವ ಸಾಧ್ಯತೆ ಶೇ 45 ಅಂತ ಇಟ್ಟುಕೊಂಡರೆ, ಏಳು ಪಂದ್ಯದ ಸರಣಿ ಗೆಲ್ಲುವ ಸಾಧ್ಯತೆ ಸುಮಾರು ಶೇ 39. ಫೈನಲ್ ಸೇರಲು ಅಂಥ ಎರಡು ಸರಣಿ ಗೆಲ್ಲಬೇಕು. ಗುಣಿಸಿದರೆ ಶೇ 15. ನೂರಕ್ಕೆ ಹದಿನೈದು. ಅಂದರೆ ಬಹುತೇಕ ಆಗಲ್ಲ. ಆದರೂ ಆರೇಳು ಸಲಕ್ಕೆ ಒಂದು ಸಲ ಆಗುತ್ತೆ.

ಈ ಲೆಕ್ಕದ ಕಾಗದ ಮುಂದಿರುವಾಗಲೇ ತಮ್ಮನ ಫೋನ್ ಬಂತು. ವಿಷಯ ಏನೂ ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ, ‘ಅಕ್ಕಾ, ಅಪ್ಪ ಮನೆಗೆ ಬರ್ತಾರಲ್ವಾ?’

ನೋಡೋಣ ಅನ್ನೋ ಪದ ಬಾಯಿಗೆ ಬಂತು. ಆದರೆ ಅವನು ಹದಿನೈದು ದಿನದಿಂದ ಆಸ್ಪತ್ರೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದು ಅದೊಂದೇ ಪದ. ‘ಬಂದೇ ಬರ್ತಾರೆ’ ಅನ್ನಬಹುದಿತ್ತು. ಅದೂ ಸ್ಟೇಟಸ್ ಹಾಕಿದ ಹಾಗೆ. ಅವನಿಗೂ ಗೊತ್ತು, ನನಗೂ ಗೊತ್ತು.

ಆಗ ನಾನು ಮಾಡಿದ್ದು ಇಷ್ಟೇ. ಮುಂದಿದ್ದ ಕಾಗದ ನೋಡಿಕೊಂಡು, ಅದೇ ರೀತಿ ಅಪ್ಪನ ಲೆಕ್ಕ ಹೇಳಿದೆ. ‘ಕಷ್ಟ ಇದೆ ಕಣೋ. ಆದ್ರೆ ನೋಡು, ಮೊದಲ ಡೋಸ್ ಆಗಿದೆ. ಶುಗರ್ ಇಲ್ಲ. ಹತ್ತು ದಿನದ ಹಿಂದೆ ಮಾಸ್ಕ್ ಹಾಕಿದ್ರೂ 90, ಈಗ 93. ನಿನ್ನೆ ಇಡ್ಲಿ ಎರಡು ತಿಂದು ಚಟ್ನಿಗೆ ಉಪ್ಪಿಲ್ಲ ಅಂತ ಬೈದಿದ್ದಾರೆ. ಇಷ್ಟು ಕಾರಣ ಇದೆ. ನನ್ನ ಪ್ರಕಾರ ಬರ್ತಾರೆ. ಜಾಸ್ತಿ ದಿನ ಹಿಡಿಯುತ್ತೆ. ನೀನು ಕಾನ್ಸಂಟ್ರೇಟರ್ ಬಾಡಿಗೆಗೆ ಹುಡುಕಿಡು.’

ಫೋನಿನ ಆ ಕಡೆ ಒಂದು ದೀರ್ಘ ಉಸಿರು. ‘ಹುಡುಕ್ತೀನಿ’ ಅಂದ. ಅವನಿಗೆ ಮಾಡೋಕೆ ಒಂದು ಕೆಲಸ ಸಿಕ್ಕಿತ್ತು.

ಅದಾದ ಮೇಲೆ ಹಾಳೆ ತುಂಬೋದು ಸುಲಭವಾಯ್ತು. ಫೈನಲ್: ಮಾಂಟ್ರಿಯಲ್–ಟ್ಯಾಂಪಾ. ಕಪ್: ಟ್ಯಾಂಪಾ. ಕಾರಣದ ಜಾಗದಲ್ಲಿ ‘ಪ್ರೈಸ್, ಡನೋ, ನಾಲ್ಕು ಗೋಡೆಗಳು. ನನಗಿದು ಇಷ್ಟವಿಲ್ಲ’ ಅಂತ ಬರೆದು ಹೆಸರು ಹಾಕಿದೆ. ಗ್ರೂಪ್‌ನಲ್ಲಿ ‘ದ್ರೋಹಿ’ ಅಂತ ಹನ್ನೊಂದು ಮೆಸೇಜ್ ಬಂದವು.

ಒಂದು ಮಾತು ಸ್ಪಷ್ಟ ಮಾಡಿಬಿಡ್ತೀನಿ. ಮಾಂಟ್ರಿಯಲ್ ಗೆದ್ದರೆ ಅಪ್ಪ ಹುಷಾರಾಗ್ತಾರೆ ಅಂತ ಹರಕೆ ಕಟ್ಟಿಕೊಳ್ಳಲಿಲ್ಲ. ಎಷ್ಟು ಆಸೆಯಾಗುತ್ತೆ ಗೊತ್ತಾ ಹಾಗೆ ಕಟ್ಟಿಕೊಳ್ಳೋಕೆ? ಬೇಕಂತಲೇ ಎರಡನ್ನೂ ದೂರ ಇಟ್ಟೆ. ಪಕ್‌ಗೆ ನಮ್ಮಪ್ಪನ ಶ್ವಾಸಕೋಶದ ಪರಿಚಯವಿಲ್ಲ.

ಪಾಸ್ ಮಾರ್ಕ್ಸ್ ಮೂವತ್ತೈದು

ವಿನ್ನಿಪೆಗ್ ವಿರುದ್ಧ ಮಾಂಟ್ರಿಯಲ್ 4-0. ನಾಲ್ಕೂ ಪಂದ್ಯಗಳಲ್ಲಿ ಒಂದು ಕ್ಷಣವೂ ಅವರು ಹಿಂದೆ ಬೀಳಲಿಲ್ಲ. ಜೂನ್ 7ಕ್ಕೆ ಸರಣಿ ಮುಗೀತು. ಎರಡು ದಿನ ಬಿಟ್ಟು ಅಪ್ಪ ಮನೆಗೆ ಬಂದರು, ಬಾಡಿಗೆ ಕಾನ್ಸಂಟ್ರೇಟರ್ ಜೊತೆ. ಸೆಮಿಫೈನಲ್‌ಗೆ ಲಾಸ್ ವೇಗಸ್ ತಂಡ ಗಡಿ ದಾಟಿ ಬರಬೇಕಿತ್ತು. ಸರ್ಕಾರ ಆಟಗಾರರಿಗೆ ಕ್ವಾರಂಟೈನ್ ವಿನಾಯಿತಿ ಕೊಟ್ಟ ಸುದ್ದಿ ಓದಿದಾಗ ಹೊಟ್ಟೆ ಉರಿಯಿತು ಅಂತ ಬೇರೆ ಹೇಳಬೇಕಿಲ್ಲ. ನೇರ ವಿಮಾನ ಇನ್ನೂ ಬಂದ್ ಆಗಿಯೇ ಇತ್ತು.

ಬೆಳಗಿನ ಜಾವ ಅಪ್ಪನಿಗೆ ನಿದ್ದೆ ಬರುತ್ತಿರಲಿಲ್ಲ. ನಮ್ಮ ರಾತ್ರಿ ಪಂದ್ಯ, ಅವರ ಬೆಳಿಗ್ಗೆ. ವಿಡಿಯೊ ಕಾಲ್ ಹಾಕಿ ಫೋನನ್ನು ಟೀವಿ ಕಡೆ ತಿರುಗಿಸಿಡುತ್ತಿದ್ದೆ. ‘ಚೆಂಡೇ ಕಾಣಿಸಲ್ವಲ್ಲೇ’ ಅನ್ನೋರು. ಚೆಂಡಲ್ಲ ಅಪ್ಪ, ಪಕ್. ‘ಅದೂ ಕಾಣಿಸಲ್ಲ.’ ಅಪ್ಪ 1975ರ ವಿಶ್ವಕಪ್ ಹಾಕಿ ಫೈನಲ್ ಅನ್ನು ರೇಡಿಯೊದಲ್ಲಿ ಕೇಳಿದವರು. ಕೊಡಗಿನ ಬಿ.ಪಿ. ಗೋವಿಂದ ಆಡಿದ ತಂಡ, ಪಾಕಿಸ್ತಾನವನ್ನು 2-1ರಿಂದ ಸೋಲಿಸಿದ್ದು. ‘ನಾವು ಏನೂ ನೋಡದೇನೇ ಹಾಕಿ ನೋಡಿದ್ವಿ’ ಅನ್ನೋದು ಅವರ ಹೆಮ್ಮೆ. ಹಾಗಾಗಿ ಕಾಣಿಸದ ಪಕ್ ಅವರಿಗೆ ದೊಡ್ಡ ವಿಷಯವಾಗಲಿಲ್ಲ.

ನನ್ನ ಹಾಳೆಯ ವಿಷಯ ಹೇಳಿದೆ. ಅಪ್ಪ ನಿವೃತ್ತ ಗಣಿತ ಮೇಷ್ಟ್ರು. ‘ನೂರಕ್ಕೆ ಹದಿನೈದಾ? ಪಾಸ್ ಮಾರ್ಕ್ಸ್ ಮೂವತ್ತೈದು ಕಣೇ’ ಅಂತ ನಕ್ಕರು, ನಕ್ಕಿದ್ದಕ್ಕೆ ಕೆಮ್ಮು ಬಂತು. ಸುಧಾರಿಸಿಕೊಂಡು ಕೇಳಿದರು, ‘ಈಗ ಒಂದು ಸರಣಿ ಗೆದ್ದಾಯ್ತಲ್ಲ. ಈಗೆಷ್ಟು?’ ಮೂವತ್ತೊಂಬತ್ತು ಅಂದೆ. ‘ನೋಡು, ಪಾಸಾದ್ರು.’

ವೇಗಸ್ ಆ ಸೀಸನ್‌ನಲ್ಲಿ ಅಂಕಗಳಲ್ಲಿ ಲೀಗ್‌ನ ಮೊದಲ ಸ್ಥಾನಕ್ಕೆ ಸರಿಸಮ ಇದ್ದ ತಂಡ. ಮೂರನೇ ಪಂದ್ಯಕ್ಕೆ ಮುಂಚೆ ಮಾಂಟ್ರಿಯಲ್‌ನ ಹಂಗಾಮಿ ಕೋಚ್‌ಗೇ ಕೋವಿಡ್ ಪಾಸಿಟಿವ್. ‘ಪಾಪ’ ಅಂದರು ಅಪ್ಪ, ಅನುಭವಸ್ಥರ ದನಿಯಲ್ಲಿ. ಜೂನ್ 24, ಕ್ವಿಬೆಕ್‌ನವರ ನಾಡಹಬ್ಬದ ರಾತ್ರಿ, ಆರನೇ ಪಂದ್ಯ ಮತ್ತೆ ಓವರ್‌ಟೈಮ್‌ಗೆ ಹೋಯಿತು. ಎರಡನೇ ನಿಮಿಷದಲ್ಲಿ ಆರ್ಟುರಿ ಲೆಹ್ಕೊನೆನ್ ಹೊಡೆದ ಗೋಲು. 1993ರ ನಂತರ ಮಾಂಟ್ರಿಯಲ್ ಮೊದಲ ಸಲ ಫೈನಲ್‌ಗೆ. ಲೀಫ್ಸ್ ಜೆರ್ಸಿ ಹಾಕಿಕೊಂಡೇ ನಾನು ಎದ್ದು ನಿಂತೆ. ಖುಷಿಯೋ ಸಂಕಟವೋ, ಇವತ್ತಿಗೂ ಬಿಡಿಸಿ ಹೇಳಲಾರೆ. ಫೋನಿನಲ್ಲಿ ಅಪ್ಪ ಮಾತ್ರ ಚಪ್ಪಾಳೆ ತಟ್ಟುತ್ತಿದ್ದರು. ಅವರಿಗೆ ಯಾವ ಜೆರ್ಸಿಯ ಹಂಗೂ ಇರಲಿಲ್ಲ.

ಆಮೇಲೆ

ಫೈನಲ್‌ನಲ್ಲಿ ಟ್ಯಾಂಪಾ 4-1ರಿಂದ ಗೆದ್ದಿತು. ಕೊನೇ ಪಂದ್ಯ 1-0. ಫುಡ್ ಬ್ಯಾಂಕ್‌ಗೆ ಚೆಕ್ ಹೋಯಿತು, ನನಗೆ ಗ್ರೂಪ್‌ನಲ್ಲಿ ‘ದ್ರೋಹಿ ಅಜ್ಜಿ’ ಅನ್ನೋ ಬಿರುದು ಉಳಿಯಿತು.

ಕಥೆ ಅಲ್ಲಿಗೆ ನಿಂತಿದ್ದರೆ ಚೆನ್ನಾಗಿರುತ್ತಿತ್ತೇನೋ. ಮುಂದಿನ ಸೀಸನ್‌ನಲ್ಲಿ ಮಾಂಟ್ರಿಯಲ್ 32 ತಂಡಗಳಲ್ಲಿ 32ನೇ ಸ್ಥಾನ. ಗಾಯಗಳಿಂದ ಜರ್ಜರಿತನಾಗಿದ್ದ ವೆಬರ್ ಆ ಫೈನಲ್ ನಂತರ ಒಂದೂ ಪಂದ್ಯ ಆಡಲಿಲ್ಲ. ಪ್ರೈಸ್ ಮಂಡಿನೋವಿನಿಂದ ಆಡಿದ್ದು ಬರೀ ಐದು ಪಂದ್ಯ. ಇದ್ದದ್ದೆಲ್ಲ ಆ ಒಂದು ಬೇಸಿಗೆಯಲ್ಲಿ ಖರ್ಚಾಗಿತ್ತು. ‘ಅದು ಬರೀ ಲಕ್’ ಅಂತ ನಮ್ಮ ಲೀಫ್ಸ್ ಗೆಳೆಯರು ಈಗಲೂ ಹೇಳ್ತಾರೆ. ಲಕ್ ಇತ್ತು. ಆದರೆ ಲಕ್ ಬಂದಾಗ ಬಾಗಿಲು ತೆಗೆಯಲು ಮನೆಯಲ್ಲಿ ಯಾರಾದರೂ ಇರಬೇಕಲ್ಲ, ಪ್ರೈಸ್ ಇದ್ದ.

ಅಪ್ಪನ ಉಸಿರೂ ಪೂರ್ತಿ ಮೊದಲಿನಂತಾಗಲಿಲ್ಲ. ಮುಂಚೆ ಕುಕ್ಕರಹಳ್ಳಿ ಕೆರೆಗೆ ಪೂರ್ತಿ ಒಂದು ಸುತ್ತು ಹಾಕೋರು. ಈಗ ಅರ್ಧ ದಾರಿಗೆ ಹೋಗಿ, ಬೆಂಚಿನ ಮೇಲೆ ಕೂತು, ಬಂದ ದಾರಿಯಲ್ಲೇ ವಾಪಸ್. ‘ಅರ್ಧ ಹೋಗಿ ಅರ್ಧ ಬಂದ್ರೆ ಒಂದೇ ಅಲ್ವೇನೇ’ ಅನ್ನೋದು ಮೇಷ್ಟ್ರ ಲೆಕ್ಕ.

ಆ ವರ್ಷದ ಆಗಸ್ಟ್ 5ರಂದು ಟೋಕಿಯೊದಲ್ಲಿ ಭಾರತದ ಪುರುಷರ ಹಾಕಿ ತಂಡ ಜರ್ಮನಿ ವಿರುದ್ಧ ಕಂಚಿನ ಪದಕದ ಪಂದ್ಯ ಆಡಿತು. ಅಪ್ಪ ಅಲ್ಲಿ, ನಾನಿಲ್ಲಿ, ಮಧ್ಯೆ ಫೋನು. ಭಾರತ 1-3ರಿಂದ ಹಿಂದೆ ಬಿದ್ದಾಗ ಅಪ್ಪ ಕೇಳಿದರು, ‘ನಿನ್ನ ಹಾಳೆ ಏನು ಹೇಳುತ್ತೆ?’ ಹಾಳೆ ಇರಲಿಲ್ಲ. ಆದರೂ ಬೆರಳು ಮಡಚಿ ಎಣಿಸಿದೆ: ಸಮಯ ಇದೆ, ಪೆನಾಲ್ಟಿ ಕಾರ್ನರ್ ಸಿಗ್ತಿದೆ, ಗೋಲಿನಲ್ಲಿ ಶ್ರೀಜೇಶ್ ಇದ್ದಾರೆ. ಗೆಲ್ತೀವಿ ಅಂದೆ. ಗೆದ್ದದ್ದು 5-4. ಕೊನೇ ಕ್ಷಣದ ಪೆನಾಲ್ಟಿ ಕಾರ್ನರ್ ಅನ್ನು ಶ್ರೀಜೇಶ್ ತಡೆದರು. 41 ವರ್ಷದ ಮೇಲೆ ಒಲಿಂಪಿಕ್ ಪದಕ.

ಸೋತಿದ್ದರೂ ನಾನು ಹೇಳಿದ ಕಾರಣಗಳು ಕಾರಣಗಳಾಗಿಯೇ ಇರುತ್ತಿದ್ದವು ಅಂತ ಈಗ ಅನ್ನಿಸುತ್ತೆ. ಭವಿಷ್ಯ ಹೇಳೋದು ಅಂದರೆ ಗ್ಯಾರಂಟಿ ಕಾರ್ಡ್ ಕೊಡೋದು ಅಂತ ತಿಳಿದು ನಾವು ಹೆದರ್ತೀವಿ. ದೃಷ್ಟಿ, ಮಾತು, ಮರ್ಯಾದೆ ಅಂತೆಲ್ಲ ನೆಪ ಹೇಳ್ತೀವಿ. ಆದರೆ ಎದುರಿಗಿರುವವರು ಗ್ಯಾರಂಟಿ ಕೇಳ್ತಿರೋದಿಲ್ಲ. ನೀನು ಕಣ್ಣು ಬಿಟ್ಟು ನೋಡಿದ್ದೀಯಾ, ನೋಡಿದ್ದನ್ನು ನನಗೆ ಹೇಳ್ತೀಯಾ ಅಂತ ಕೇಳ್ತಿರುತ್ತಾರೆ. ನಿಮ್ಮ ಮನೆಯಲ್ಲೂ ಯಾರೋ ಪರೀಕ್ಷೆಗೆ ಕೂತಿರಬಹುದು, ಕೆಲಸ ಕಳೆದುಕೊಂಡಿರಬಹುದು, ರಿಪೋರ್ಟ್‌ಗೆ ಕಾಯುತ್ತಿರಬಹುದು. ಅವರು ಕೇಳಿದಾಗ ಒಂದು ಕಾಗದ ತೆಗೆದುಕೊಳ್ಳಿ. ಕಷ್ಟ ಎಷ್ಟು, ದಾರಿ ಎಲ್ಲಿ ಅಂತ ಬರೆಯಿರಿ. ಕೆಳಗೆ ನಿಮ್ಮ ಹೆಸರು ಹಾಕಿ.

ಲೀಫ್ಸ್ ಕಪ್ ಯಾವಾಗ ಗೆಲ್ಲುತ್ತೆ ಅಂತ ಮಾತ್ರ ದಯವಿಟ್ಟು ಕೇಳಬೇಡಿ.